ಗುಂಪು ವಿಮೆಯಿಂದ ಸ್ವಂತ ಪಾಲಿಸಿಗೆ: ನನ್ನ ಅನುಭವ

ಮೈಸೂರಿನ ರಿಂಗ್ ರಸ್ತೆಯಲ್ಲಿ ಆದ ಅಪಘಾತದಲ್ಲಿ ನನ್ನ ತೊಡೆಯ ಮೂಳೆ ಮುರಿದು, ಒಳಗೆ ರಾಡ್ ಹಾಕಿಸಬೇಕಾಯಿತು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದಿನವಿಡೀ ನಿಂತೇ ಮಾಡುವ ಕೆಲಸ ನನ್ನದು. ಅದಕ್ಕೆ ಮರಳಲಾಗದು ಎಂದು ವೈದ್ಯರು ಹೇಳಿದಾಗ ಸಂಬಳಕ್ಕಿಂತ ಹೆಚ್ಚಾಗಿ ಕಾಡಿದ್ದು ಆರೋಗ್ಯ ವಿಮೆಯ ಚಿಂತೆ. ನಾನು, ಪತ್ನಿ ಮತ್ತು ಮಗಳು ಕಂಪನಿಯ ಗುಂಪು ಪಾಲಿಸಿಯಲ್ಲಿದ್ದೆವು. ನೌಕರರ ಪಟ್ಟಿಯಿಂದ ನನ್ನ ಹೆಸರು ಹೋದೊಡನೆ ಮೂವರ ರಕ್ಷಣೆಯೂ ಹೋಗುತ್ತಿತ್ತು, ಕಾಲಿನ ಚಿಕಿತ್ಸೆಯೋ ಇನ್ನೂ ಬಾಕಿ ಇತ್ತು.

ಗುಂಪಿನಿಂದ ಹೊರಬರುವ ನೌಕರನಿಗೂ ಅವನ ಕುಟುಂಬಕ್ಕೂ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಯಾಗುವ ಅವಕಾಶವನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ಕೊಟ್ಟಿವೆ. ಇದನ್ನು ಮೈಗ್ರೇಷನ್ ಎನ್ನುತ್ತಾರೆ. ಹೊಸದಾಗಿ ಪಾಲಿಸಿ ಕೊಂಡರೆ ಮುರಿದ ಮೂಳೆ ಮೊದಲೇ ಇದ್ದ ಕಾಯಿಲೆಯ ಲೆಕ್ಕಕ್ಕೆ ಸೇರಿ, ಅದರ ಖರ್ಚಿಗೆ ಗರಿಷ್ಠ 36 ತಿಂಗಳವರೆಗೆ ಕಾಯಬೇಕಾಗಬಹುದು. ಮೈಗ್ರೇಷನ್‌ನಲ್ಲಾದರೆ ಗುಂಪು ಪಾಲಿಸಿಯಲ್ಲಿ ಕಳೆದ ಅವಧಿಯನ್ನು ಆ ಕಾಯುವಿಕೆಯಿಂದ ಕಳೆಯುತ್ತಾರೆ. ಆದರೆ ಈ ಅನುಕೂಲ ಹಳೆಯ ವಿಮಾ ಮೊತ್ತಕ್ಕೆ ಮಾತ್ರ. ನಮ್ಮದು 3 ಲಕ್ಷ ರೂಪಾಯಿ ಇತ್ತು, ನಾನು 5 ಲಕ್ಷ ಕೇಳಿದೆ. ಹೆಚ್ಚುವರಿ 2 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಯಿತು.

ಹಾಗಾಗಿ ರಾಜೀನಾಮೆ ಪತ್ರ ಕೊಡುವುದಕ್ಕೂ ಮೊದಲೇ ಮಾನವ ಸಂಪನ್ಮೂಲ ವಿಭಾಗಕ್ಕೆ ಲಿಖಿತ ಮನವಿ ಸಲ್ಲಿಸಿದೆ. ಗುಂಪಿಗೆ ಸೇರಿದ ದಿನಾಂಕ, ಪ್ರತಿ ವರ್ಷದ ವಿಮಾ ಮೊತ್ತ, ಮೂವರ ಹೆಸರು, ಪಡೆದ ಕ್ಲೇಮುಗಳು, ಇಷ್ಟೂ ಇರುವ ಪತ್ರ ನನಗೆ ಬೇಕಿತ್ತು. ಕೆಲಸದಲ್ಲಿರುವಾಗಲೇ ಇಂಥ ಪತ್ರ ಸುಲಭವಾಗಿ ಸಿಗುತ್ತದೆ. ಬಿಟ್ಟ ಮೇಲೆ ಅದಕ್ಕಾಗಿ ಅಲೆಯುವುದು, ಅದರಲ್ಲೂ ಊರುಗೋಲು ಹಿಡಿದು ಅಲೆಯುವುದು, ಬಹಳ ಕಷ್ಟ. ಆ ಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಮತ್ತು ಎಕ್ಸ್‌ರೇ ವರದಿಗಳನ್ನು ಅರ್ಜಿಯೊಂದಿಗೆ ಸೇರಿಸಿ, ಕೊನೆಯ ಕೆಲಸದ ದಿನಕ್ಕೆ ಮುಂಚೆಯೇ ವಿಮಾ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಪಡೆದೆ.

ರಾಡ್ ವಿಷಯ ಬರೆಯದಿದ್ದರೆ ಪ್ರೀಮಿಯಂ ಕಡಿಮೆಯಾದೀತು ಎಂದು ಏಜೆಂಟರೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಮುಚ್ಚಿಟ್ಟ ವಿಷಯ ಕ್ಲೇಮಿನ ಸಮಯದಲ್ಲಿ ಹೊರಬಂದರೆ ಹಣವನ್ನೂ ನಿರಾಕರಿಸಬಹುದು, ಪಾಲಿಸಿಯನ್ನೇ ರದ್ದುಗೊಳಿಸಬಹುದು. ಅಂಥ ಅಪಾಯಕ್ಕೆ ಹೆಂಡತಿ ಮಗಳನ್ನು ಒಡ್ಡುವುದು ನನಗೆ ಸರಿ ಎನಿಸಲಿಲ್ಲ. ವೈದ್ಯಕೀಯ ತಪಾಸಣೆಯ ನಂತರ ಪ್ರೀಮಿಯಂ ಸ್ವಲ್ಪ ಏರಿತು. ಪಾಲಿಸಿ ಕೈಗೆ ಬಂದ ಕೂಡಲೇ ಹಿಂದಿನ ಅವಧಿಯನ್ನು ಅದರಲ್ಲಿ ನಮೂದಿಸಿದ್ದಾರೆಯೇ ಎಂದು ನೋಡಿದೆ. ತೃಪ್ತಿಯಾಗದಿದ್ದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿರುತ್ತದೆ.

ಇದು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿ ಇಲ್ಲದವರ ದಾರಿ. ತಿಂಗಳ ಸಂಬಳ 21,000 ರೂಪಾಯಿಯ ಮಿತಿಯೊಳಗಿದ್ದ ನನ್ನ ಸಹೋದ್ಯೋಗಿಯೊಬ್ಬರು ಯಂತ್ರದಲ್ಲಿ ಕೈ ಸಿಕ್ಕಿ ಶಾಶ್ವತ ಅಂಗವಿಕಲತೆಯಿಂದ ಕೆಲಸ ಬಿಟ್ಟಾಗ, ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ತಮ್ಮ ಪತ್ನಿಗೂ ಇ.ಎಸ್.ಐ. ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಂಡರು. ಕೆಲಸದಲ್ಲಾದ ಗಾಯದಿಂದ ಹೀಗೆ ಹೊರಬಂದವರಿಗೆ ನಿವೃತ್ತಿಯ ವಯಸ್ಸಿನವರೆಗೆ ಈ ಸೌಲಭ್ಯ ಸಿಗುತ್ತದೆಂಬುದು ಅವರಿಗೆ ಗೊತ್ತೇ ಇರಲಿಲ್ಲ; ಅವರ ಪರವಾಗಿ ಅರ್ಜಿ ಬರೆದುಕೊಟ್ಟವನು ನಾನೇ.