ಸೆಕೆಂಡಿಗೆ ಆರೇ ಚಿತ್ರ, ಬಾಯಿ ಮಾತ್ರ ಬೇರೆ

ಕೈಯಲ್ಲಿ ಬರೆಯುವ ಅನಿಮೇಷನ್ನಿನಲ್ಲಿ ಸೆಕೆಂಡಿಗೆ ಆರು ಚಿತ್ರ ಬರೆದರೆ ಪಾತ್ರ ಕುಂಟುತ್ತೆ, ಮಾತಂತೂ ಕೂಡುವುದೇ ಇಲ್ಲ ಎನ್ನುವವರೇ ಹೆಚ್ಚು. ನಮ್ಮ ಮೂರು ನಿಮಿಷದ ಕನ್ನಡ ಕಿರುಚಿತ್ರ ಅದೇ ಲೆಕ್ಕದಲ್ಲಿ ಮುಗಿದಿದೆ, ಮಾತೂ ಕೂಡಿದೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್; ಎರಡು ಫ್ರೇಮಿಗೊಂದರಂತೆ ಬರೆದಿದ್ದರೆ 2160 ಹಾಳೆ, ನಾಲ್ಕಕ್ಕೊಂದು ಎಂದರೆ 1080. ಹಾಳೆಗೆ ಹನ್ನೆರಡು ನಿಮಿಷ ಹಿಡಿದರೂ ಒಂಟಿ ಕೈಗೆ 216 ಗಂಟೆ ಉಳಿತಾಯ. ನ್ಯೂಯಾರ್ಕಿನ ಅನಿಮೇಟರ್ ಬಿಲ್ ಪ್ಲಿಂಪ್ಟನ್ ಕಡಿಮೆ ಚಿತ್ರಗಳಲ್ಲೇ ಕೆಲಸ ಸಾಧಿಸಿದವರು. ಚಿಕ್ಕದಿರಲಿ, ಅಗ್ಗವಿರಲಿ, ನಗಿಸಲಿ ಎಂಬುದು ಅವರ ಸೂತ್ರ. ಆದರೆ ಅವರ ಎಷ್ಟೋ ಕಿರುಚಿತ್ರಗಳಿಗೆ ಮಾತೇ ಇಲ್ಲ. ನಮಗೆ ಮಾತು ಬೇಕಿತ್ತು.

ಮೈಗೆ ಆರು ಸಾಕು, ಗೆರೆ ಪೆನ್ಸಿಲಿನದಾಗಿದ್ದರೆ. ಒರಟು ಗೆರೆ ಹಾಳೆಯಿಂದ ಹಾಳೆಗೆ ಮಿಸುಕುವುದರಿಂದ ಕಣ್ಣಿಗೆ ತಡೆ ಗೊತ್ತಾಗುವುದಿಲ್ಲ. ಮೊದಲ ಸಲ ಇಂಕಿನಲ್ಲಿ ನೀಟಾಗಿ ಎಳೆದ 140 ಹಾಳೆ ದಂಡವಾಯಿತು, ಪ್ರತಿ ಜಿಗಿತವೂ ಎದ್ದು ಕಾಣುತ್ತಿತ್ತು. ಪಾತ್ರ ಸುಮ್ಮನೆ ನಿಂತಾಗ ಒಂದೇ ಭಂಗಿಯ ಮೂರು ನಕಲು ತೆಗೆದು 1-2-3-2 ಎಂದು ಸುತ್ತಿಸಿ. ಕ್ಯಾಮೆರಾ ಪಕ್ಕಕ್ಕೆ ಸರಿಸುವುದಾದರೆ ಅದು ಪ್ರತಿ ಫ್ರೇಮಿಗೂ ಸರಿಯಬೇಕು, ಇಲ್ಲವಾದರೆ ದೃಶ್ಯವೇ ಅದುರುತ್ತದೆ.

ಬಾಯಿಯನ್ನು ಬೇರೆ ಪದರದಲ್ಲಿಟ್ಟು ಎರಡು ಫ್ರೇಮಿಗೊಮ್ಮೆ ಬದಲಿಸಿ. ಎಲ್ಲವೂ ನಿಂತಿರುವುದು ಇದರ ಮೇಲೆ. ನಾಲ್ಕು ಫ್ರೇಮಿನ ಲೆಕ್ಕದಲ್ಲಿ ‘ಸಮಯ’ದ ಮ ನುಂಗಿಹೋಗುತ್ತದೆ. ಯಾವ ಸದ್ದಿಗೆ ಯಾವ ಬಾಯಿ ಎಂದು ತೋರಿಸುವ, ಇಂಗ್ಲಿಷಿಗೆಂದು ಮಾಡಿದ ಬಾಯಿಪಟ್ಟಿಯನ್ನು ನಂಬಿ ನಾನು ಎರಡು ವಾರ ಕಳೆದೆ. ಕನ್ನಡದಲ್ಲಿ ಒತ್ತಕ್ಷರವೇ ಮುಖ್ಯ: ‘ಮನೆ’ಗೆ ತುಟಿ ಎರಡು ಫ್ರೇಮ್ ಮುಚ್ಚಿದರೆ ಸಾಕು, ‘ಹಬ್ಬ’, ‘ಅಪ್ಪ’, ‘ಅಮ್ಮ’ಗಳಿಗೆ ನಾಲ್ಕು ಬೇಕು. ಮುಚ್ಚಿದ ತುಟಿ ಸದ್ದಿಗಿಂತ ಎರಡು ಫ್ರೇಮ್ ಮೊದಲೇ ಬರಲಿ. ಳ, ಣ, ಟ ಮೂರಕ್ಕೂ ನಾಲಿಗೆ ಒಳಗೇ ಮಡಚುತ್ತದೆ, ಹೊರಗೆ ಕಾಣದು, ಬೇರೆ ಬಾಯಿ ಬೇಡ. ಮುಖದ ಐದು ಕೋನಗಳಿಗೆ ಏಳೇಳರಂತೆ 35 ಬಾಯಿಯಲ್ಲಿ ಇಡೀ ಚಿತ್ರ ಮುಗಿಯಿತು. ಬಾಯಿಯ ಅಂಚು ಕೆನ್ನೆಯ ಪೆನ್ಸಿಲ್ ಛಾಯೆಯಲ್ಲಿ ಕರಗುವಂತೆ ಮಾಡುವುದಕ್ಕೆ ಒಂದು ಉಪಾಯವಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಹಾಳೆಗಳನ್ನು ಒಂದೇ ಜಾಗದಲ್ಲಿ ಹಿಡಿದಿಡುವ ಗೂಟದ ಪಟ್ಟಿ ಪೆಗ್‌ಬಾರಿಗೆ ಆಫೀಸಿನ ಎರಡು ತೂತಿನ ಪಂಚ್ ಸಾಕು: ನಡುವೆ 80 ಮಿ.ಮೀ., ತೂತು ಸುಮಾರು 6 ಮಿ.ಮೀ. ಮೂರು ನಾಲ್ಕು ಹಾಳೆಗಿಂತ ಹೆಚ್ಚು ಒಟ್ಟಿಗೆ ಒತ್ತಿದರೆ ಕೆಳಗಿನದು ಜರುಗುತ್ತದೆ. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಅಗಲವಾಗುತ್ತದೆ. ಜೂನ್‌ನಲ್ಲಿ ಬರೆದದ್ದರ ಮೇಲೆ ಜನವರಿಯದು ಕೂಡುವುದಿಲ್ಲ. ನಾಲ್ಕೂ ಮೂಲೆಗೆ ಕೂಡುಗುರುತು ಹಾಕಿ, ಕಂಪ್ಯೂಟರಿನಲ್ಲಿ ಅದಕ್ಕೇ ಹೊಂದಿಸಿ. ತಾನೇ ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್ ಬೇಡ, ಒಂದೊಂದನ್ನೂ ಒಂದೊಂದು ಓರೆಗೆ ಎಳೆಯುತ್ತದೆ. ಗಾಜಿನ ಮೇಲಿಡುವ ಸ್ಕ್ಯಾನರಿನಲ್ಲಿ 200 ಡಿಪಿಐ (ಇಂಚಿಗೆ 200 ಚುಕ್ಕೆ) ಇಟ್ಟರೆ ಎ4 ಅಡ್ಡಹಾಳೆ 2338 ಪಿಕ್ಸೆಲ್ ಅಗಲ ಬರುತ್ತದೆ, ಫುಲ್ ಎಚ್‌ಡಿಗೆ ಧಾರಾಳ.

ನಡುವೆ ಕಾಫಿ ಡಿಕಾಕ್ಷನ್ನಿನಲ್ಲಿ ಕಂದು ಛಾಯೆ ಬಳಿದು ನೋಡಿದೆ. ಬಣ್ಣ ಬಲು ಚೆಂದ, ಆದರೆ 75 ಜಿಎಸ್‌ಎಂನ ತೆಳು ಹಾಳೆ ಹಪ್ಪಳದಂತೆ ಏಳುತ್ತದೆ. 120ರ ದಪ್ಪ ಹಾಳೆ ಏಳಲಿಲ್ಲ, ಆದರೆ ಕೆಳಗಿನಿಂದ ಬೆಳಕು ಬರುವ ಲೈಟ್‌ಪ್ಯಾಡಿನ ಮೇಲೆ ಎರಡನೇ ಪದರ ಮಸುಕು. ಹಿನ್ನೆಲೆ ಚಿತ್ರಗಳಿಗೆ ಮಾತ್ರ ಉಳಿಸಿಕೊಂಡೆ.

ಖರ್ಚು ನೆನಪಿದ್ದಷ್ಟು: ಮೂರು ರೀಮಿಗೆ 900, ಲೈಟ್‌ಪ್ಯಾಡ್ 1200, ಹಳೇ ಸ್ಕ್ಯಾನರ್ 3500, ದನಿ ಕೊಟ್ಟವರಿಗೆ 12 ಸಾವಿರ, ಸೌಂಡ್ ಮಿಕ್ಸಿಂಗ್ 15 ಸಾವಿರ. ಪೆನ್ಸಿಲ್ ಸೇರಿ 33 ಸಾವಿರದ ಆಸುಪಾಸು. ಕೈ ಕಚ್ಚಿದ್ದು ಚಿತ್ರೋತ್ಸವಗಳ ಪ್ರವೇಶ ಶುಲ್ಕ, ಇಪ್ಪತ್ತು ಸಾವಿರಕ್ಕೂ ಮೇಲೆ ಹೋಯಿತು. ಶುಲ್ಕವಿಲ್ಲದವಕ್ಕೆ ಮೊದಲು ಕಳಿಸಿ. ಮೂಲ ಹಾಳೆಗಳನ್ನು ಎಸೆಯಬೇಡಿ: ಪ್ರದರ್ಶನದ ದಿನ ಬಾಗಿಲಲ್ಲೇ ಮೇಜು ಹಾಕಿ 250ರಂತೆ ಇಟ್ಟರೆ ಎಂಬತ್ತು ಹಾಳೆ ಹೋದವು. ಮುಖ ದೊಡ್ಡದಾಗಿ ಕಾಣುವ ಹಾಳೆಗಳೇ ಮೊದಲು ಖಾಲಿ.