ವಾಲ್ವ್ ರಿಪೇರಿ: ಯಾವ ವಿಧಾನ ಯಾರಿಗೆ?

ಹೃದಯದ ವಾಲ್ವ್ ಆಪರೇಷನ್ ಆಗಬೇಕು ಅಂದ ಕೂಡಲೇ ಮನೆಯವರು ಖರ್ಚಿನ ಲೆಕ್ಕಕ್ಕೆ ಕೂರುತ್ತಾರೆ. ಅದಕ್ಕೂ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: ಇರುವ ವಾಲ್ವನ್ನೇ ಸರಿಪಡಿಸಲು ಆಗುತ್ತದಾ? ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಆಗಿದ್ದರಂತೂ ಕೇಳಲೇಬೇಕು.

ಮೊದಲು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿನ ರಿಪೋರ್ಟ್ ನೋಡಿ. ಸ್ಟೆನೋಸಿಸ್ ಅಂದರೆ ವಾಲ್ವ್ ಕಿರಿದಾಗಿದೆ. ರಿಗರ್ಜಿಟೇಷನ್ ಅಂದರೆ ಸೋರುತ್ತಿದೆ. ದಾರಿ ಇಲ್ಲೇ ಕವಲಾಗುತ್ತದೆ.

ಕಿರಿದಾಗಲು ನಮ್ಮಲ್ಲಿ ಮುಖ್ಯ ಕಾರಣ ಚಿಕ್ಕಂದಿನಲ್ಲಿ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರ. 4ರಿಂದ 6 ಚದರ ಸೆಂ.ಮೀ. ಇರಬೇಕಾದ ದ್ವಾರ 1.5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದರೆ ತೀವ್ರ ಅಂತಲೇ ಅರ್ಥ. ಬಾಗಿಲಿನಂತೆ ತೆರೆದು ಮುಚ್ಚುವ ವಾಲ್ವಿನ ಎರಡು ಎಸಳುಗಳು (ಮುಂದಿನದು, ಹಿಂದಿನದು) ಇನ್ನೂ ಮೆತ್ತಗಿದ್ದು, ಸೋರಿಕೆ ಜಾಸ್ತಿ ಇಲ್ಲದೆ, ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲದಿದ್ದರೆ ಎದೆ ತೆರೆಯಬೇಕಾಗಿಲ್ಲ. ಬಲೂನ್ ಸಾಕು. ಜಪಾನಿನ ಕಾಂಜಿ ಇನೋಯೆ ರೂಪಿಸಿದ ಈ ಬಲೂನನ್ನು ತೊಡೆಸಂದಿಯ ರಕ್ತನಾಳದಿಂದ ಒಳಗೆ ಕಳಿಸುತ್ತಾರೆ. ಮೊದಲು ಅದರ ಮುಂದಿನ ತುದಿ ಉಬ್ಬಿ ವಾಲ್ವಿಗೆ ತಗುಲಿಕೊಳ್ಳುತ್ತದೆ, ಆಮೇಲೆ ಹಿಂಭಾಗ, ಕೊನೆಗೆ ನಡು. ನಡು ಉಬ್ಬಿದಾಗ ಅಂಟಿಕೊಂಡಿದ್ದ ಅಂಚುಗಳು ಬಿಟ್ಟುಕೊಳ್ಳುತ್ತವೆ. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಇದರಲ್ಲಿ ದೊಡ್ಡ ಅನುಭವವಿದೆ.

ಸೋರುವ ವಾಲ್ವಿಗೆ ದಾರಿಗಳು ಜಾಸ್ತಿ. ಎಸಳನ್ನು ಹಿಡಿದಿಡುವ ತಂತುಗಳು ಹರಿದು ಎಸಳು ಹಿಂದಕ್ಕೆ ಮಗುಚಿದಾಗ, ಫ್ರಾನ್ಸಿನ ಅಲೆನ್ ಕಾರ್ಪೆಂಟಿಯೆ ತೋರಿಸಿಕೊಟ್ಟ ರೀತಿಯಲ್ಲಿ ಕೆಟ್ಟ ತುಂಡು ಕತ್ತರಿಸಿ ಉಳಿದದ್ದನ್ನು ಹೊಲಿಯುತ್ತಾರೆ. ಇನ್ನೊಂದು ವಿಧಾನದಲ್ಲಿ ಏನನ್ನೂ ಕತ್ತರಿಸದೆ ಗೋರ್‌ಟೆಕ್ಸ್ ಅನ್ನುವ ಕೃತಕ ದಾರದಿಂದ ಹೊಸ ತಂತು ಕಟ್ಟುತ್ತಾರೆ. ದಾರದ ಅಳತೆಯೇ ಇಲ್ಲಿ ಕಷ್ಟ: ಗಿಡ್ಡವಾದರೆ ಎಸಳು ಕೆಳಗೇ ಸಿಕ್ಕಿಕೊಳ್ಳುತ್ತದೆ, ಉದ್ದವಾದರೆ ಮತ್ತೆ ಮಗುಚುತ್ತದೆ. ಹಿಂದಿನ ಎಸಳಿಗೆ ಎರಡೂ ಚೆನ್ನಾಗಿ ಬಾಳುತ್ತವೆ. ಮುಂದಿನ ಎಸಳಾದರೆ ದಾರವೇ ಮೇಲು ಅನ್ನುವುದು ನನ್ನ ಅಭಿಪ್ರಾಯ, ಅಲ್ಲಿ ಕತ್ತರಿಸಿ ಕಳೆಯುವಷ್ಟು ಜಾಗ ಇರುವುದಿಲ್ಲ. ಯಾವುದನ್ನೇ ಮಾಡಲಿ, ವಾಲ್ವಿನ ಹಿಗ್ಗಿದ ಬುಡವನ್ನು ಬಿಗಿಯಾಗಿಡಲು ಸಾಮಾನ್ಯವಾಗಿ ಸುತ್ತ ಒಂದು ರಿಂಗ್ ಕೂರಿಸುತ್ತಾರೆ.

ಇಟಲಿಯ ಒತ್ತಾವಿಯೊ ಅಲ್ಫಿಯೆರಿ 1991ರಲ್ಲಿ ಶುರುಮಾಡಿದ್ದು ಇನ್ನೂ ಸರಳ. ಎರಡೂ ಎಸಳುಗಳ ನಡುವನ್ನೇ ಸೇರಿಸಿ ಹೊಲಿಯುವುದು, ರಕ್ತಕ್ಕೆ ಎರಡು ದಾರಿ ಉಳಿಯುತ್ತವೆ. ಮೊದಲೇ ಕಿರಿದಾದ ವಾಲ್ವಿಗೆ ಇದು ಬೇಡ. ಆಪರೇಷನ್ ತಾಳಲಾರದ ವಯಸ್ಸಾದವರಿಗೆ ಎದೆ ತೆರೆಯದೆ ರಕ್ತನಾಳದ ಮೂಲಕ ಎಸಳುಗಳಿಗೆ ಹಾಕುವ ಮೈಟ್ರಾಕ್ಲಿಪ್ ಅನ್ನುವ ಕ್ಲಿಪ್ ಹುಟ್ಟಿದ್ದು ಇದೇ ಯೋಚನೆಯಿಂದ.

ಹೃದಯ ಮುಚ್ಚುವ ಮೊದಲು ಸಲೈನ್ ತುಂಬಿಸಿ ಸೋರಿಕೆ ನೋಡುತ್ತಾರೆ. ಹೃದಯ ಮತ್ತೆ ಬಡಿಯತೊಡಗಿದ ಮೇಲೆ ಅನ್ನನಾಳದಿಂದ ಎಕೋ ಮಾಡುತ್ತಾರೆ. ಸೋರಿಕೆ ಉಳಿದಿದ್ದರೆ ಅಲ್ಲೇ ಮತ್ತೆ ಸರಿಪಡಿಸಬೇಕು, ಇಲ್ಲವೇ ವಾಲ್ವ್ ಬದಲಿಸಬೇಕು. ಹಾಗಾಗಿ ಸರ್ಜನ್‌ಗೆ ವರ್ಷಕ್ಕೆ ಎಷ್ಟು ಮೈಟ್ರಲ್ ರಿಪೇರಿ ಮಾಡುತ್ತೀರಿ ಅಂತ ಸಂಕೋಚವಿಲ್ಲದೆ ಕೇಳಿ.

ರುಮ್ಯಾಟಿಕ್ ವಾಲ್ವ್ ಗಟ್ಟಿಯಾಗಿ, ಸುಣ್ಣ ಕಟ್ಟಿದ್ದರೆ ರಿಪೇರಿಗೆ ಹಟ ಹಿಡಿಯಬೇಡಿ. ಲೋಹದ ವಾಲ್ವ್ ಹಾಕಿಸಿಕೊಂಡರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡಲು ಆಗಾಗ ಐಎನ್‌ಆರ್ ಪರೀಕ್ಷೆ. ಈ ಮಾತ್ರೆ ಗರ್ಭದ ಮಗುವಿಗೆ ಅಪಾಯ ತರಬಹುದು, ಹಾಗಾಗಿ ಮಗು ಬೇಕೆನ್ನುವ ಹೆಣ್ಣುಮಕ್ಕಳು ಆಪರೇಷನ್ನಿಗೆ ಮೊದಲೇ ಇದನ್ನು ಮಾತಾಡಿಕೊಳ್ಳಬೇಕು. ಇನ್ನು ರುಮ್ಯಾಟಿಕ್ ಜ್ವರ ಮತ್ತೆ ಬಾರದಂತೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಗೊಳ್ಳುತ್ತಿದ್ದವರು ಬಲೂನ್ ಆಯ್ತು, ರಿಪೇರಿ ಆಯ್ತು ಅಂತ ಸುಮ್ನೆ ಅದನ್ನು ನಿಲ್ಲಿಸಬೇಡಿ. ಜ್ವರ ಮರುಕಳಿಸಿದರೆ ಸರಿಪಡಿಸಿದ ವಾಲ್ವೂ ಕೆಡುತ್ತದೆ.