ಹೆಂಚಿನ ಮನೆಗೆ ಸೋಲಾರ್: ಹೆಂಚು ಕೊರೆಯಲು ಬಿಡಬೇಡಿ

ವರ್ಷವಿಡೀ ಉರಿಸಿದಷ್ಟು ವಿದ್ಯುತ್ತನ್ನು ಮನೆಯ ಮಾಡಿನ ಮೇಲೆಯೇ ಪಡೆದರೆ ಲೆಕ್ಕ ಸೊನ್ನೆಗೆ ಸೊನ್ನೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹಳೆಯ ಹೆಂಚಿನ ಮನೆಗಳಲ್ಲೂ ಇದು ಸಾಧ್ಯ. ಆದರೆ ಬಹಳ ಜನ ಮೊದಲೇ ಪ್ಯಾನೆಲ್‌ಗೆ ಮುಂಗಡ ಕೊಟ್ಟುಬಿಡುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ.

ಮೊದಲು 12 ತಿಂಗಳ ಬಿಲ್ಲು ಹರಡಿಕೊಂಡು ಯೂನಿಟ್ ಕೂಡಿಸಿ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರುವವರೂ ಯೂನಿಟ್ ಸಾಲನ್ನು ನೋಡಲೇಬೇಕು.

ಆಮೇಲೆ ಬಳಕೆ ಇಳಿಸಿ. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದೂವರೆ ಗಂಟೆ ಉರಿದರೆ ತಿಂಗಳಿಗೆ 90 ಯೂನಿಟ್. ಅದರ ಬದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ಬಚ್ಚಲೊಲೆಯನ್ನು ಮಾತ್ರ ಒಡೆಯಬೇಡಿ. ಆಷಾಢದಲ್ಲಿ ದಿನಗಟ್ಟಲೆ ಬಿಸಿಲು ಕಾಣದಾಗ ತೋಟದ ಸೌದೆ, ತಾಮ್ರದ ಹಂಡೆಯೇ ಗತಿ.

1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ, ಜಡಿಮಳೆಯಲ್ಲಿ ಅದರ ಅರ್ಧವೂ ಕಷ್ಟ. ಬೇಸಿಗೆಯ ಹೆಚ್ಚುವರಿಯೇ ಮಳೆಗಾಲದ ಕೊರತೆಯನ್ನು ತುಂಬಬೇಕು. ಹಾಗಾಗಿ ದಕ್ಷಿಣದ ಇಳಿಜಾರನ್ನೇ ಆರಿಸಿ. ಸಿಲ್ವರ್ ಓಕ್ ನೆರಳು ಬೀಳುವಂತಿದ್ದರೆ ಕೊಂಬೆ ಸವರಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ.

ಇನ್ನು ನಿಜವಾದ ಕಷ್ಟದ ಕೆಲಸ. ಮೂಡಿಗೆರೆಯ ನಮ್ಮ ಸೋದರಮಾವನ ಮನೆಯಲ್ಲಿ ಕೆಲಸಕ್ಕೆ ಬಂದವರು ಹೆಂಚನ್ನೇ ಕೊರೆದು, ಬೋಲ್ಟ್ ಬಿಗಿದು, ಸುತ್ತ ಸಿಲಿಕೋನ್ ಮೆತ್ತಿ ಹೋದರು. ಬೇಸಿಗೆಯ ಬಿಸಿಲಿಗೆ ಅದು ಬಿರಿಯಿತು. ಮಳೆ ಹಿಡಿದ ವಾರದಲ್ಲೇ ಅಟ್ಟದ ಮೇಲಿನ ಎರಡು ಮೂಟೆ ಕಾಳುಮೆಣಸಿಗೆ ಬೂಷ್ಟು ಬಂತು. ಯಾವ ಅಂಟೂ ಮಲೆನಾಡಿನ ಮಳೆಯನ್ನು ತಡೆಯದು.

ಸರಿಯಾದ ಕ್ರಮ ಹೀಗಿದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಹೆಂಚು ಇಳಿಸಿ ಪ್ರತಿ ಪಕ್ಕಾಸನ್ನೂ (ಮಾಡನ್ನು ಹೊರುವ ಇಳಿಜಾರಿನ ಮರ) ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಗೆದ್ದಲು ಹಿಡಿದಿದೆ ಇಲ್ಲವೇ ಮರ ಕೊಳೆತಿದೆ ಎಂದೇ ಅರ್ಥ, ಬದಲಿಸಿ. ಪ್ಯಾನೆಲ್ ಹೊರುವ ಲೋಹದ ಕೊಕ್ಕೆಯನ್ನು ಹೆಂಚು ಕೂರುವ ತೆಳು ರೀಪಿಗಲ್ಲ, ಪಕ್ಕಾಸಿಗೇ ಬಿಗಿಯಬೇಕು. ಮೊದಲು ಸಣ್ಣ ತೂತು ಕೊರೆಯದಿದ್ದರೆ ಒಣಗಿದ ಹಳೆಯ ಮರ ಸೀಳುತ್ತದೆ. ಕೊಕ್ಕೆಯ ತೋಳು ಎರಡು ಹೆಂಚುಗಳ ನಡುವಿನಿಂದ ಹೊರಬರಲಿ. ಮೇಲಿನ ಹೆಂಚು ಎತ್ತಿ ನಿಲ್ಲದಂತೆ ಅದರ ಅಡಿಯ ಏಣನ್ನು ಅಷ್ಟೇ ಅಗಲಕ್ಕೆ ಗ್ರೈಂಡರ್‌ನಲ್ಲಿ ತೇಯಿಸಿ. ತೋಳಿಗೂ ಕೆಳಗಿನ ಹೆಂಚಿಗೂ ನಡುವೆ ಸ್ವಲ್ಪ ಸಂದಿರಬೇಕು. ಇಲ್ಲವಾದರೆ ಗಾಳಿಗೆ ಪ್ಯಾನೆಲ್ ಅಲುಗಿದಂತೆಲ್ಲ ಹೆಂಚು ಒಡೆಯುತ್ತದೆ. ಕಬ್ಬಿಣಕ್ಕೆ ಬಣ್ಣ ಬಳಿದ ಅಗ್ಗದ ಕೊಕ್ಕೆ ಬೇಡವೇ ಬೇಡ, ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಪ್ಯಾನೆಲ್ ಕೂರಿಸುವ ಮೊದಲೇ ಮಾಡಿನ ನೆತ್ತಿಯಿಂದ ಹತ್ತು ಕೊಡ ನೀರು ಸುರಿಸಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡಲಿ. ಒಂದು ಹನಿ ಕಂಡರೂ ಆ ಹೆಂಚನ್ನು ತೆಗೆದು ಮತ್ತೆ ಕೂರಿಸಿ.

ಮರದ ಪಟ್ಟಿಯ ಹಳೆಯ ವೈರಿಂಗ್ ಬದಲಿಸಿ, ಹೊಸ ಅರ್ಥಿಂಗ್ ಹಾಕಿಸಿ. ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಯೂನಿಟ್ ಎರಡನ್ನೂ ಅಳೆಯುವ ನೆಟ್ ಮೀಟರ್‌ಗೆ ಚಿಕ್ಕಮಗಳೂರಿನವರು ಮೆಸ್ಕಾಂ, ಹಾಸನದವರು ಸೆಸ್ಕ್ ಕಚೇರಿಗೆ ಅರ್ಜಿ ಕೊಡಬೇಕು. ಬ್ಯಾಟರಿಯಿಲ್ಲದ ಈ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಮರ ಬಿದ್ದು ಎರಡು ದಿನ ಕತ್ತಲಾಗುವ ಊರಾದರೆ ದೀಪಗಳಿಗಾಗಿ ಸಣ್ಣ ಬ್ಯಾಟರಿಯೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.